ಏಜೆಂಟರಿಗೆ ದುಡ್ಡು ಕೊಡುವ ಮೊದಲು ಕೋರ್ಟಿನ ಮೆಟ್ಟಿಲು ಹತ್ತಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹದಿಮೂರು ವರ್ಷಕ್ಕೆ ಊರು ಬಿಟ್ಟು ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ ಆಮೇಲೆ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತರು. ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಈಗ ನಿಲ್ಲಲು ಆಗುವುದಿಲ್ಲ, ಕೆಲಸವೂ ಇಲ್ಲ. ಅಕ್ಕ ಹಪ್ಪಳ ಮಾಡಿ ಮಾರುತ್ತಾಳೆ. ಅವರಿಗೆ ಸರ್ಕಾರದ ಮಾಸಾಶನ ಕೊಡಿಸಲು ನಾವು ಅಲೆದ ಕಥೆ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಸ್ಥಿತಿಯಲ್ಲಿ ಇರುವ ನಮ್ಮ ಜನ ಈ ಊರಲ್ಲಿ ತುಂಬಾ ಇದ್ದಾರೆ.

ಮಹಾರಾಷ್ಟ್ರದಲ್ಲಿ ಇಂಥವರಿಗೆ ಸಂಜಯ್ ಗಾಂಧಿ ನಿರಾಧಾರ್ ಅನುದಾನ ಯೋಜನೆ ಇದೆ. ಕನಿಷ್ಠ ಶೇಕಡಾ 40 ಅಂಗವಿಕಲತೆ ಇರಬೇಕು, ರಾಜ್ಯದಲ್ಲಿ 15 ವರ್ಷ ವಾಸವಾಗಿರಬೇಕು, ಮನೆಯ ವರ್ಷದ ಆದಾಯ 50,000 ರೂಪಾಯಿ ಮೀರಬಾರದು. ಅಂದರೆ ಮನೆಯ ಆದಾಯ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಆಯಿತು, ಅಷ್ಟರಲ್ಲಿ ಮುಂಬಯಿಯಲ್ಲಿ ಖೋಲಿ ಬಾಡಿಗೆಯೂ ಆಗುವುದಿಲ್ಲ. ಈ ಮಿತಿಯನ್ನು ಏರಿಸಲೇಬೇಕು. ಅದು ಬೇರೆ ಮಾತು.

ಆಸ್ಪತ್ರೆಯ ಸರ್ಟಿಫಿಕೇಟು ಸಿಕ್ಕಿತು, ಯುಡಿಐಡಿ ಕಾರ್ಡೂ (ಅಂಗವಿಕಲರ ಗುರುತಿನ ಚೀಟಿ) ಬಂತು. ಸಿಕ್ಕಿಕೊಂಡದ್ದು ಹೆಸರಿನಲ್ಲಿ. ಇಲ್ಲಿನ ಫಾರ್ಮುಗಳಲ್ಲಿ ಮೊದಲು ನಮ್ಮ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯಬೇಕು. ನಮ್ಮ ಕಡೆ ಹಾಗಿಲ್ಲವಲ್ಲ. ಭಾವನ ಊರಿನ ಶಾಲೆಯ ಕಾಗದದಲ್ಲಿ ಹೆಸರಿನ ಜೊತೆ ಮನೆತನದ ಇನಿಷಿಯಲ್ ಮಾತ್ರ ಇದೆ, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿದೆ, ರೇಷನ್ ಕಾರ್ಡಿನಲ್ಲಿ ಅದೂ ಇಲ್ಲ, ಬರೀ ಅಡ್ಡಹೆಸರು. ಒಬ್ಬರೇ ಮನುಷ್ಯ, ಕಾಗದದಲ್ಲಿ ಮೂವರು. ಮಾಸಾಶನದ ಅರ್ಜಿ ತಗೊಳ್ಳುವ ಕಚೇರಿಯವರು ಮೂರು ಸಲ ವಾಪಸ್ ಕಳಿಸಿದರು. ಯಾಕೆ ಅಂತ ಒಂದು ಸಲವೂ ಬರೆದು ಕೊಡಲಿಲ್ಲ, ಬಾಯಲ್ಲೇ 'ಚಾಲಣಾರ್ ನಾಹಿ' (ನಡೆಯುವುದಿಲ್ಲ) ಅಂದರು, ಅಷ್ಟೇ. ಹೊರಗೆ ನಿಂತಿದ್ದ ಏಜೆಂಟ್ ಆರು ಸಾವಿರ ಕೇಳಿದ. ಅಕ್ಕ ಬಳೆ ಅಡವಿಡಲು ಹೊರಟಿದ್ದಳು.

ಆಗ ನಮ್ಮ ಕಟ್ಟಡದ ಒಬ್ಬ ಹಿರಿಯರು ಹೇಳಿದರು, ಕೋರ್ಟಿಗೆ ಹೋಗಿ, ಅಲ್ಲಿ ಉಚಿತ ಕಾನೂನು ನೆರವಿನ ಕಚೇರಿ ಇದೆ ಅಂತ. ಕೋರ್ಟು ಅಂದ ಕೂಡಲೇ ಭಾವ ಹೆದರಿದರು. ನಾವು ಯಾರ ಮೇಲೂ ಕೇಸು ಹಾಕುವುದಿಲ್ಲ ಅಂತ ಸಮಾಧಾನ ಮಾಡಿ ಕರೆದುಕೊಂಡು ಹೋಗಬೇಕಾಯಿತು.

ನನಗೂ ಗೊತ್ತಿರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅವರಿಗೆ ಆದಾಯದ ಮಿತಿಯನ್ನೂ ಕೇಳುವುದಿಲ್ಲ. ಹೆಂಗಸರಿಗೂ ಹಾಗೇ. ಕೋರ್ಟಿನಲ್ಲಿ ವಾದ ಮಾಡಲು ಮಾತ್ರ ಅಲ್ಲ, ಸಲಹೆ ಕೇಳಲು, ಅರ್ಜಿ ಬರೆಸಲು ಕೂಡ ಅಲ್ಲಿಗೆ ಹೋಗಬಹುದು. ಮುಂಬಯಿಯ ಕಚೇರಿ ಫೋರ್ಟ್‌ನ ಸಿಟಿ ಸಿವಿಲ್ ಕೋರ್ಟಿನಲ್ಲಿದೆ, ಥಾಣೆಯದು ಅಲ್ಲಿನ ಜಿಲ್ಲಾ ಕೋರ್ಟಿನಲ್ಲಿ. ಫೋನಿನಲ್ಲಿ ಕೇಳುವುದಾದರೆ 15100.

ಅಲ್ಲಿದ್ದ ವಕೀಲೆ ಚಿಕ್ಕ ವಯಸ್ಸಿನವರು. ಎಲ್ಲ ಕಾಗದ ಮೇಜಿನ ಮೇಲೆ ಹರಡಿ ನಿಧಾನವಾಗಿ ನೋಡಿದರು. ಮೂರೂ ಹೆಸರು ಒಬ್ಬರದೇ ಅಂತ ಒಂದು ಅಫಿಡವಿಟ್ ಬರೆದರು. ಆಮೇಲೆ 15 ವರ್ಷದ ವಾಸಕ್ಕೆ ಪುರಾವೆ ಏನಿದೆ ಅಂತ ಕೇಳಿದರು. ಏನಿದೆ ಹೇಳಿ? ಹೋಟೆಲಿನಲ್ಲೇ ಮಲಗುತ್ತಿದ್ದವರಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು, ಲೈಟ್ ಬಿಲ್ ಎಲ್ಲಿಂದ ಬರಬೇಕು? 'ಇಲ್ಲಿ ಓದಿದ್ದೀರಾ?' ಅಂತ ಕೇಳಿದಾಗ ಭಾವನಿಗೆ ಥಟ್ಟನೆ ನೆನಪಾಯಿತು. ರಾತ್ರಿ ಶಾಲೆ! ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ, ಹಾಗೆ ಓದಿದವರು ಅವರು. ಆ ಲೀವಿಂಗ್ ಸರ್ಟಿಫಿಕೇಟನ್ನು ಟ್ರಂಕಿನ ತಳದಲ್ಲಿ, ಮದುವೆ ಫೋಟೋದ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಮಡಚಿದ ಕಡೆ ಹರಿದಿತ್ತು, ಶಾಯಿ ಮಾಸಿತ್ತು, ಆದರೆ ಸೇರಿದ ತಾರೀಕು ಓದಲು ಬರುತ್ತಿತ್ತು. ಅದರ ಜೊತೆಗೆ ಹಳೆಯ ಬ್ಯಾಂಕ್ ಪಾಸ್‌ಬುಕ್, ಮತದಾರರ ಪಟ್ಟಿಯ ಪ್ರತಿ ಸೇರಿಸಿ ಕೊಟ್ಟೆವು. ಮಾಸಾಶನದ ಕಚೇರಿಯವರು ಈ ಸಲ ಅರ್ಜಿ ತಗೊಂಡು ರಸೀದಿ ಕೊಟ್ಟರು.

ವಕೀಲೆ ಹೇಳಿಕೊಟ್ಟ ಇನ್ನೊಂದು ಮಾತು ಎಲ್ಲರಿಗೂ ಉಪಯೋಗವಾಗುತ್ತದೆ. ಆಗುವುದಿಲ್ಲ ಅಂದರೆ ಯಾಕೆ ಅಂತ ಬರೆದು ಕೊಡಿ ಅಂತ ಕೇಳಿ. ಕಾಗದ ಕೈಯಲ್ಲಿದ್ದರೆ ಮೇಲ್ಮನವಿ ಹಾಕಬಹುದು, ಬಾಯಿಮಾತಿನ ಮೇಲೆ ಏನು ಹಾಕುತ್ತೀರಿ? ಆಸ್ಪತ್ರೆಯವರು ಶೇಕಡಾವಾರು ಕಮ್ಮಿ ಬರೆದಿದ್ದಾರೆ ಅನಿಸಿದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೇಲ್ಮನವಿಗೆ ದಾರಿ ಇದೆ. ಊರಲ್ಲೇ ಸರ್ಟಿಫಿಕೇಟು ಮಾಡಿಸಿಕೊಂಡು ಬಂದವರು ಇದ್ದರೆ, ಆ ಸರ್ಟಿಫಿಕೇಟು ಇಡೀ ದೇಶಕ್ಕೆ ಚಲಾವಣೆ ಅಂತ ಅದೇ ಕಾಯ್ದೆ ಹೇಳುತ್ತದೆ.

ನನ್ನ ಬೇಡಿಕೆ ಇಲ್ಲಿನ ಕನ್ನಡ ಸಂಘಗಳಿಗೆ. ಯಕ್ಷಗಾನ, ಸನ್ಮಾನ, ವಾರ್ಷಿಕೋತ್ಸವ ಎಲ್ಲ ನಡೆಯಲಿ, ನಾನೂ ಬಂದು ಕೂರುತ್ತೇನೆ. ಜೊತೆಗೆ ತಿಂಗಳಿಗೆ ಒಂದು ಭಾನುವಾರ ಒಂದು ಮೇಜು, ನಾಲ್ಕು ಕುರ್ಚಿ ಹಾಕಿ. ಕಾನೂನು ನೆರವಿನ ಕಚೇರಿಗೆ ಪತ್ರ ಬರೆದು ಅವರ ಸ್ವಯಂಸೇವಕರನ್ನು ಕರೆಸಿ. ನಮ್ಮಲ್ಲೇ ವಕೀಲರಿದ್ದಾರೆ, ನಿವೃತ್ತ ಬ್ಯಾಂಕಿನವರಿದ್ದಾರೆ. ಮರಾಠಿ ಫಾರ್ಮನ್ನು ಕನ್ನಡದಲ್ಲಿ ಓದಿ ಹೇಳುವವರು ಒಬ್ಬರಿದ್ದರೂ ಎಷ್ಟೋ ಮನೆಗಳು ಏಜೆಂಟರ ಕೈಗೆ ಸಿಗುವುದಿಲ್ಲ, ಅಲ್ವಾ? ಯಾವ ಸಂಘ ಮುಂದೆ ಬಂದರೂ ಭಾನುವಾರ ನಾನು ಬರುತ್ತೇನೆ. ಆ ಫಾರ್ಮು ತುಂಬಲು ಈಗ ನನಗೆ ಬರುತ್ತದೆ.

– ಒಬ್ಬ ಓದುಗ, ಮುಂಬಯಿ