ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಕೀಳಿಸಿ: ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೆ,

ನಮಸ್ಕಾರ. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಕುರಿತು ನಮ್ಮದು ಒಂದೇ ವಿನಂತಿ. ಅದನ್ನು ತೆಗೆಸುವ ಕೆಲಸ ಜೂನ್ ತಿಂಗಳಲ್ಲೇ ಮುಗಿಯಲಿ.

ಪಾರ್ಥೇನಿಯಂ ಜಾಗೃತಿ ಸಪ್ತಾಹ ದೇಶದೆಲ್ಲೆಡೆ ಆಗಸ್ಟ್ 16ರಿಂದ 22ರವರೆಗೆ ನಡೆಯುತ್ತದೆ. ನಮ್ಮ ಕಡೆ ಅಷ್ಟೊತ್ತಿಗೆ ಕಾಲ ಮೀರಿರುತ್ತದೆ. ರೋಹಿಣಿ ಮಳೆಗೆ ಹುಟ್ಟಿದ ಸಸಿ ನಾಲ್ಕರಿಂದ ಆರು ವಾರದಲ್ಲಿ ಹೂ ಬಿಡುತ್ತದೆ. ಒಂದು ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು, ವರ್ಷಕ್ಕೆ ಮೂರ್ನಾಲ್ಕು ಪೀಳಿಗೆ ಏಳುತ್ತದೆ. ಹೂ ಬಿಟ್ಟ ಮೇಲೆ ಬ್ರಷ್ ಕಟರ್ ಹಚ್ಚಿದರೆ ಬೀಜ ಇನ್ನಷ್ಟು ದೂರ ಹಾರುತ್ತದೆ, ಬುಡ ಮತ್ತೆ ಚಿಗುರಿ ಗೇಣುದ್ದಕ್ಕೇ ಹೂ ಕಟ್ಟುತ್ತದೆ. ಜೆಸಿಬಿಯಿಂದ ಕೆರೆದು ಆ ಗರಸನ್ನೇ ಬೇರೆ ರಸ್ತೆಗೆ ಸುರಿದರೆ ಬಿತ್ತನೆ ಮಾಡಿದ ಹಾಗೆ.

ಮಳೆಯಾದ ಮರುದಿನ ಇಲ್ಲವೇ ಮೂರನೇ ದಿನ, ಹಸಿ ಇರುವಾಗಲೇ ಕೀಳಬೇಕು. ಎರೆ ಮಣ್ಣು ಒಣಗಿ ಬಿಗಿದುಕೊಂಡರೆ ಗಿಡ ಕುತ್ತಿಗೆಯಲ್ಲಿ ಮುರಿಯುತ್ತದೆ, ಬೇರು ಒಳಗೇ ಉಳಿಯುತ್ತದೆ. ಇಪ್ಪತ್ತು ದಿನ ಬಿಟ್ಟು ಅದೇ ಜಾಗಕ್ಕೆ ಇನ್ನೊಂದು ಸುತ್ತು ಹೋಗಲೇಬೇಕು, ಏಕೆಂದರೆ ಎಲ್ಲ ಬೀಜ ಒಂದೇ ಮಳೆಗೆ ಹುಟ್ಟುವುದಿಲ್ಲ. ಖಾಲಿ ಸೈಟಿನ ಮಾಲೀಕರಿಗೆ ನೋಟಿಸು ಮೇ ತಿಂಗಳಲ್ಲೇ ತಲುಪಲಿ. ಇದನ್ನು ಹಾನಿಕಾರಕ ಕಳೆ ಎಂದು ರಾಜ್ಯ ಸರ್ಕಾರ 1975ರಲ್ಲೇ ಘೋಷಿಸಿದೆ.

ಔಷಧಿ ಸಿಂಪಡಣೆಯನ್ನು ನಾವು ಕೊನೆಯ ದಾರಿ ಎಂದೇ ಎಣಿಸುತ್ತೇವೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಹುಲ್ಲನ್ನೂ ಸುಡುತ್ತದೆ, ಬೋಳಾದ ನೆಲಕ್ಕೆ ಮೊದಲು ಬರುವುದು ಕಾಂಗ್ರೆಸ್ ಕಸವೇ. 2,4-ಡಿ ಎಂಬ ಇನ್ನೊಂದು ಕಳೆನಾಶಕ ಗಾಳಿಗೆ ತೇಲಿ ಹೋದರೆ ಊರಂಚಿನ ಹತ್ತಿಯ ಎಲೆ ಮುರುಟುತ್ತದೆ. ಲೀಟರಿಗೆ 150ರಿಂದ 200 ಗ್ರಾಂ ಉಪ್ಪು ಕರಗಿಸಿ ಬಿಸಿಲಲ್ಲಿ ಹೊಡೆದರೂ ಗಿಡ ಒಣಗುತ್ತದೆ, ಆದರೆ ಫುಟ್‌ಪಾತಿನ ಸಂದಿಗಷ್ಟೇ ಇದು ಸರಿ. ಮಣ್ಣಿನ ಜಾಗದಲ್ಲಿ ಬೇಡ. ಎಲೆ ತೂತಾಗಿ, ಕಂದು ಗೆರೆಯ ಬಿಳಿಚಿದ ಪುಟ್ಟ ದುಂಬಿಗಳು ಕಂಡಲ್ಲಿ ಏನನ್ನೂ ಸಿಂಪಡಿಸಬಾರದು. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಜೈಗೋಗ್ರಾಮ ದುಂಬಿ ಅದು. ಈ ಕಸದ ಎಲೆಯನ್ನು ಅದರಷ್ಟು ತಿನ್ನುವ ಕೀಟ ನಮ್ಮಲ್ಲಿ ಬೇರೊಂದಿಲ್ಲ.

ಕಿತ್ತ ಗಿಡ ವ್ಯರ್ಥವಾಗಬೇಕಿಲ್ಲ. ನೀರು ನಿಲ್ಲದ ಎತ್ತರದ ಜಾಗದಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಯಿರಿ. 50 ಕೆಜಿ ಗಿಡ ಹರಡಿ, ಮೇಲೆ 5 ಕೆಜಿ ಸಗಣಿಯ ರಾಡಿ, 500 ಗ್ರಾಂ ಯೂರಿಯಾ, 50 ಗ್ರಾಂ ಟ್ರೈಕೋಡರ್ಮಾ (ಕಸ ಕೊಳೆಸುವ ಶಿಲೀಂಧ್ರ), ಹತ್ತು-ಹನ್ನೆರಡು ಕೆಜಿ ಮಣ್ಣು. ಹೀಗೇ ಪದರ ಏರಿಸುತ್ತ ನೆಲಮಟ್ಟಕ್ಕಿಂತ ಒಂದೂವರೆ ಅಡಿ ಗುಮ್ಮಟ ಕಟ್ಟಿ, ಸಗಣಿ, ಮಣ್ಣು, ಹೊಟ್ಟು ಕಲಸಿ ಮೆತ್ತಿದರೆ ನಾಲ್ಕೈದು ತಿಂಗಳಲ್ಲಿ ಗೊಬ್ಬರ. ಹೂ ಬಿಟ್ಟ ಗಿಡ ಮಾತ್ರ ಗುಂಡಿಗೆ ಬೀಳಬಾರದು. ಮೇಲ್ಪದರಕ್ಕೆ ಸಾಕಷ್ಟು ಕಾವು ಹತ್ತದೆ ಬೀಜ ಜೀವಂತ ಉಳಿಯುತ್ತದೆ, ಆ ಗೊಬ್ಬರ ಹೋದ ಉದ್ಯಾನಕ್ಕೆಲ್ಲ ಕಸವೂ ಹೋಗುತ್ತದೆ.

ತೆರವಾದ ಜಾಗ ಖಾಲಿ ಬಿಡಬೇಡಿ. ಅಕ್ಟೋಬರ್-ನವೆಂಬರಿನಲ್ಲಿ ತಗಚಿ ಗಿಡದ ಬೀಜ ಕೂಡಿಸಿಟ್ಟು, ಮುಂಗಾರಿಗೆ ಮುಂಚೆ ಎರಚಿದರೆ ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ ಸಸಿಗೆ ಬೆಳಕು ತಪ್ಪಿಸುತ್ತದೆ. ಈ ಬಗ್ಗೆ ಕೇಳಲು ದೂರ ಹೋಗಬೇಕಿಲ್ಲ: ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರಿನಲ್ಲಿ ನಡೆದದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೇ.

ಇನ್ನು ಪೌರಕಾರ್ಮಿಕರ ವಿಷಯ. ಈ ಗಿಡದ ರಸ ಮತ್ತು ಪರಾಗ ಚರ್ಮ ಕೆರೆತ, ಉಬ್ಬಸ ತರುತ್ತವೆ, ಒಮ್ಮೆ ಅಲರ್ಜಿ ಹತ್ತಿದವರಿಗೆ ಸುಲಭವಾಗಿ ಬಿಡುವುದಿಲ್ಲ. ಮೊಣಕೈವರೆಗಿನ ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕು, ಕೆಲಸ ಮುಗಿದ ಕೂಡಲೇ ತೊಳೆದುಕೊಳ್ಳಲು ಸೋಪು-ನೀರು ಕೊಟ್ಟ ಮೇಲೆಯೇ ಅವರನ್ನು ಕಳಿಸಿ. ಉಬ್ಬಸ ಇದ್ದವರಿಗೆ ಈ ಕೆಲಸ ಹಚ್ಚಲೇಬೇಡಿ.

ಇಂತಿ ತಮ್ಮ ವಿಶ್ವಾಸಿಗಳು,
ಅವಳಿ ನಗರದ ಕೃಷಿ ಪದವೀಧರರು ಮತ್ತು ರೈತರು