ಬಗ್ಗು ಅಂದವಳೂ ನಾನೇ

ಪುಟ್ಟಿ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಸಿಟ್ಟಿಗಲ್ಲ, ನೀನಂದ ಮಾತಿಗೆ ಉತ್ತರ ಹೊಳೆಯಲಿಲ್ಲ. ಕತ್ತು ನೋವು, ಬಲಗೈ ಬೆರಳು ಜುಮ್ಮೆನ್ನುತ್ತೆ ಅಂತ ನೀನು ಹೇಳುತ್ತಿದ್ದರೆ ನನ್ನ ಬಾಯಿಂದ ಬಂದದ್ದು ಅದೇ ಹಳೇ ರಾಗ: "ನೆಟ್ಟಗೆ ಕೂತ್ಕೋ ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ." ಆಗ ನೀನಂದೆ, "ಬಗ್ಗು ಅಂದವಳೂ ನೀನೇ, ನೆಟ್ಟಗಾಗು ಅನ್ನೋಳೂ ನೀನೇ, ಅಮ್ಮ."

ಅದು ನಿನಗೂ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಗ ನಿನಗೆ 12. ಆ ವರ್ಷ ಬಟ್ಟೆಗಳೆಲ್ಲ ಒಂದೊಂದಾಗಿ ಗಿಡ್ಡವಾಗುತ್ತಿದ್ದವು. ನೀನು ಬಾಗಿಲಲ್ಲಿ ಕೂತು ಶೂ ಹಾಕಿಕೊಂಡು ಎದ್ದು ನಿಂತೆ, ನನ್ನ ಕಿವಿಯವರೆಗೆ ಬಂದಿದ್ದೆ. ನಾನು ಹೆದರಿದೆ. ನಿನ್ನ ಬೆನ್ನಿನ ಬ್ಯಾಗ್ ಬಿಚ್ಚಿ ಮುಂದಕ್ಕೆ ಕೊಟ್ಟು, "ಇದನ್ನ ಎದೆಗೆ ಅವುಚಿಕೊಂಡು ಹೋಗು, ಜನ ನೋಡ್ತಾರೆ" ಅಂದೆ. ನೀನು ಯಾಕೆ ಅಂತ ಕೇಳಲಿಲ್ಲ. ಎಲ್ಲದಕ್ಕೂ ಯಾಕೆ ಅನ್ನುತ್ತಿದ್ದವಳು ಅವತ್ತು ಕೇಳಲಿಲ್ಲ. ಕೇಳಿದ್ದರೆ ನಾನು ತಡವರಿಸಿ, ಬ್ಯಾಗನ್ನು ವಾಪಸ್ ಬೆನ್ನಿಗೇ ಏರಿಸುತ್ತಿದ್ದೆನೋ ಏನೋ. ನೀನು ಸುಮ್ಮನೆ ಇಸಿದುಕೊಂಡು, ಎರಡೂ ಭುಜ ಒಳಕ್ಕೆ ಮಡಚಿಕೊಂಡು, ತಲೆ ತಗ್ಗಿಸಿ ಮೆಟ್ಟಿಲು ಇಳಿದೆ. ಮೇಲೆ ನಿಂತ ನನಗೆ ನಿನ್ನ ಹಿಂಗತ್ತು ಮಾತ್ರ ಕಾಣಿಸುತ್ತಿತ್ತು. ಮೂರು ವರ್ಷ ಕಳೆದ ಮೇಲೆ ಅದೇ ಬೆನ್ನಿಗೆ ಗುದ್ದಿ "ಗೂನು ಬರುತ್ತೆ" ಅನ್ನೋದಕ್ಕೆ ಶುರು ಮಾಡಿದೆ. ಈಗಲೂ ಆ ಮೆಟ್ಟಿಲೇ ಕಣ್ಣ ಮುಂದೆ.

ನನ್ನ ಭುಜ ಹಿಡಿದುಕೊಂಡಿತ್ತಲ್ಲ, ಅದಕ್ಕೆ ಫಿಸಿಯೋಥೆರಪಿ ಮಾಡುವ ಹುಡುಗಿ ನಿನ್ನ ವಯಸ್ಸಿನವಳೇ. ನಿನ್ನೆ ನನ್ನ ಭುಜ ಬಿಟ್ಟು ನಿನ್ನ ಬಗ್ಗೆಯೇ ಕೇಳಿದೆ. ಅವಳು ಹಾಳೆಯ ಮೇಲೆ ಒಂದು ಇಂಟು (X) ಗುರುತು ಹಾಕಿದಳು. ಯಾಂಡಾ ಅಂತ ಒಬ್ಬರು ಚೆಕ್ ವೈದ್ಯರು ವಿವರಿಸಿದ್ದಂತೆ. ಒಂದು ಗೆರೆ ಎದೆಯಿಂದ ಹಿಂಗತ್ತಿಗೆ: ಅಲ್ಲಿಯ ಸ್ನಾಯುಗಳು ಬಿಗಿ. ಇನ್ನೊಂದು ಗೆರೆ ಕತ್ತಿನ ಮುಂದಿನ ಒಳ ಸ್ನಾಯುಗಳಿಂದ ಬೆನ್ನಿನ ನಡುವಿಗೆ: ಅಲ್ಲಿ ಬಲ ಸಾಲದು. ತಲೆಯೇ ಸುಮಾರು 5 ಕೆಜಿ, ಅದು ಮುಂದಕ್ಕೆ ಬಂದಷ್ಟೂ ಹಿಂಗತ್ತು ಹೆಚ್ಚು ಎಳೆದು ಹಿಡಿಯಬೇಕು. "ನೆಟ್ಟಗೆ ಕೂರು ಅಂದ್ರೆ ಐದು ನಿಮಿಷ ಕೂರ್ತಾರೆ ಆಂಟಿ, ಆಮೇಲೆ ಸುಸ್ತಾಗಿ ಮತ್ತೆ ಕುಸೀತಾರೆ" ಅಂದಳು. ಬೈದರೆ ಸ್ನಾಯುವಿಗೆ ಬಲ ಬರುವುದಿಲ್ಲ ಅನ್ನೋದು ಇಷ್ಟು ವರ್ಷ ನನಗೆ ತೋಚಿರಲಿಲ್ಲ.

ಬಾಗಿ ಕೂರುವ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ನೆಟ್ಟಗಿರುವವರಿಗೂ ನೋವು ಬರುತ್ತೆ, ಭಂಗಿಯೊಂದನ್ನೇ ದೂರಬೇಡಿ ಅಂತಲೂ ಹೇಳಿದಳು. ಕೇಳಿ ಸ್ವಲ್ಪ ಹಗುರಾಯಿತು. ಆಮೇಲೆ, ಹಗುರಾಯಿತಲ್ಲ ಅಂತಲೇ ನಾಚಿಕೆಯಾಯಿತು.

ಉಪದೇಶ ಮಾಡಲ್ಲ ಅಂದುಕೊಂಡೇ ಬರೆಯೋಕೆ ಕೂತೆ. ಆದರೂ ಕೇಳು. ಸಿಪಾಯಿ ಹಾಗೆ ದಿನವಿಡೀ ಎದೆ ಉಬ್ಬಿಸಿ ಕೂರಬೇಡ, ಅದೂ ಒಂದು ಬಿಗಿತವೇ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು. ಗದ್ದವನ್ನು ಕೆಳಗೆ ಬಗ್ಗಿಸದೆ ನೇರ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡು, ಹತ್ತು ಸಲ. ರಬ್ಬರ್ ಪಟ್ಟಿ ಹಿಡಿದು ಮೊಣಕೈ ಹಿಂದಕ್ಕೆ ಎಳೆಯುವಾಗ ಹೆಗಲು ಕಿವಿಯ ಕಡೆ ಏರಬಾರದು. ಬಲಹೀನ ಬದಿಯಿಂದ ಶುರು ಮಾಡು, ಅದಕ್ಕೆ ಎಷ್ಟು ಸಾಧ್ಯವೋ ಅಷ್ಟನ್ನೇ ಇನ್ನೊಂದು ಬದಿಗೂ ಮಾಡು. ಮೊದಲ ಕೆಲವು ವಾರ ಕನ್ನಡಿಯಲ್ಲಿ ಏನೂ ಕಾಣದು. ಆಗ ಬರುವ ಬಲ ಹೆಚ್ಚಾಗಿ ನರಗಳು ಕೆಲಸ ಕಲಿತದ್ದರಿಂದ, ಸ್ನಾಯು ತುಂಬಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕು. ಬಲಭುಜ ಒಂದು ಚೂರು ತಗ್ಗಿದೆ ಅಂತ ಕೊರಗಬೇಡ, ಬಲಗೈ ಬಳಸುವ ಎಷ್ಟೋ ಜನರಿಗೆ ಹಾಗೇ ಇರುತ್ತೆ. ಬೆನ್ನಿಗೆ ಕಟ್ಟುವ ಪಟ್ಟಿ ನೀನಾಗೇ ತರಿಸಿಕೊಳ್ಳಬೇಡ. ನೋಡು, ಮತ್ತೆ ಶುರುವಾಯಿತು ನನ್ನದು.

ನೀನು ವೇದಿಕೆಯಲ್ಲಿ ಮಾತಾಡಿದ ವಿಡಿಯೊ ಕಳಿಸಿದ್ದೆಯಲ್ಲ, ನಾಲ್ಕು ಸಲ ನೋಡಿದೆ. ಮೂರು ಸಲ ಬರೀ ಭುಜ ನೋಡಿದೆ. ನಾಲ್ಕನೇ ಸಲ ಮಾತು ಕೇಳಿದೆ. ತುಂಬಾ ಚೆನ್ನಾಗಿತ್ತು ಪುಟ್ಟಿ. ಆವತ್ತೇ ಹೇಳಬೇಕಿತ್ತು.

ಈ ವ್ಯಾಯಾಮವೆಲ್ಲ ಆಮೇಲೆ. ಮೊದಲು ಡಾಕ್ಟರಿಗೆ ತೋರಿಸು. ಕೈ ಸೋತು ಹಿಡಿದದ್ದು ಜಾರಿದರೆ ಒಂದು ದಿನವೂ ತಡ ಮಾಡಬೇಡ. ಯಾವ ಬೆರಳು ಅನ್ನೋದರ ಮೇಲೆ ಯಾವ ನರ ಅಂತ ಅವರಿಗೆ ಸುಳಿವು ಸಿಗುತ್ತಂತೆ. ಆ ಹುಡುಗಿ ನನ್ನನ್ನೂ ಕೇಳಿದಳು, ನನಗೆ ಗೊತ್ತಿರಲಿಲ್ಲ. ಬೈಯುವ ಭರದಲ್ಲಿ ನಾನು ಕೇಳಿಯೇ ಇರಲಿಲ್ಲ. ಹೆಬ್ಬೆರಳ ಕಡೆಯೋ, ಕಿರುಬೆರಳ ಕಡೆಯೋ?

ಅಮ್ಮ