ಆ ಮಾತುಕತೆಯನ್ನು ತಡೆಯಬೇಡ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ನಿನ್ನ ಸಂಜೆ ತರಗತಿಗೆ ಬರುವ ಹೆಂಗಸರು ಪಾಠಕ್ಕೆ ಮೊದಲು ಮಾತಿನಲ್ಲೇ ಹೊತ್ತು ಕಳೆಯುತ್ತಾರೆ, ಒಬ್ಬಳು ಬಿಟ್ಟರೆ ಅವಳ ಹಿಂದೆ ಇನ್ನಿಬ್ಬರು ಬಿಡುತ್ತಾರೆ ಎಂದು ನೊಂದುಕೊಂಡಿದ್ದೀಯ. ಎರಡನೆಯದು ನಿಜ. ಮೊದಲನೆಯದಕ್ಕೆ ನನ್ನ ತಕರಾರಿದೆ.

ಮೂವತ್ತೆಂಟನೆಯ ವಯಸ್ಸಿನಲ್ಲಿ ನಾನು ಮತ್ತೆ ಓದಲು ಕೂತದ್ದು ನಿನಗೆ ಗೊತ್ತು. ನಡುವೆ ಬಿಟ್ಟೇಬಿಟ್ಟಿದ್ದೆ ಎಂಬುದು ಗೊತ್ತಿಲ್ಲ. ಮಗುವಿಗೆ ಜ್ವರ ಬಂದು ಎರಡು ವಾರ ತರಗತಿ ತಪ್ಪಿತು. ಬೀಜಗಣಿತ ಕೈಗೆ ಸಿಗದಷ್ಟು ದೂರ ಹೋಯಿತು. ಮತ್ತೆ ಹೋಗಿ ದಡ್ಡಿಯಂತೆ ಕೂರಲು ನಾಚಿಕೆ. ಆಗ ಒಂದು ಸಂಜೆ, ಪಕ್ಕದಲ್ಲಿ ಕೂರುತ್ತಿದ್ದವಳು ಮನೆಗೆ ಬಂದು ತನ್ನ ನೋಟ್‌ಬುಕ್ ಕೊಟ್ಟಳು. ಕೆಲವು ಲೆಕ್ಕಗಳ ನಡುವೆ ಎರಡೆರಡು ಸಾಲು ಖಾಲಿ ಇದ್ದವು. ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಇಲ್ಲಿ ನನಗೂ ತಿಳಿಯಲಿಲ್ಲ’ ಎಂದು ಬರೆದಿದ್ದಳು. ಅದನ್ನು ಓದಿ ಅತ್ತೆ. ಮರುದಿನ ಇಬ್ಬರೂ ಕೂತು ಆ ಸಾಲುಗಳನ್ನು ತುಂಬಿಸಿದೆವು. ಮೇಷ್ಟರು ಎಷ್ಟೇ ಒಳ್ಳೆಯವರಾದರೂ ಆ ಪೆನ್ಸಿಲ್ ಮಾತನ್ನು ಅವರು ಬರೆಯಲಾರರು.

ಮನೆಯವರು ಹೊಗಳುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಬೇಕಿದ್ದುದು ವಾರಕ್ಕೆ ಮೂರು ಸಂಜೆಯ ಬಿಡುವು. ಮಕ್ಕಳನ್ನು ಸರದಿಯಲ್ಲಿ ನೋಡಿಕೊಂಡು ಅದನ್ನು ಮಾಡಿಕೊಟ್ಟವರು ಜೊತೆಗೆ ಓದುತ್ತಿದ್ದವರೇ. ಯಾರ ಸರದಿ ಯಾವತ್ತು, ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಯಾವುದು, ಎಲ್ಲವೂ ಗೊತ್ತಾಗುತ್ತಿದ್ದುದು ನೀನು ಹರಟೆ ಎನ್ನುವ ಆ ಹೊತ್ತಿನಲ್ಲಿ.

ಇದು ಹೊಸದೂ ಅಲ್ಲ. 1873ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆ್ಯನಾ ಟಿಕ್ನರ್ ಎಂಬಾಕೆ, ಮನೆಯಲ್ಲೇ ಓದುವ ಹೆಂಗಸರಿಗಾಗಿ ಒಂದು ಸಂಘ ಕಟ್ಟಿದಳು. ಕಲಿಸುವವರೂ ಹೆಚ್ಚಾಗಿ ಹೆಂಗಸರೇ, ಅದೂ ಸಂಬಳವಿಲ್ಲದೆ. ಪಾಠ ನಡೆಯುತ್ತಿದ್ದುದು ಅಂಚೆಯಲ್ಲಿ ಹೋಗಿಬರುವ ಪತ್ರಗಳಲ್ಲಿ. ಎರವಲು ಪುಸ್ತಕಗಳೂ ಅಂಚೆಯಲ್ಲೇ. 24 ವರ್ಷಗಳಲ್ಲಿ 7,000ಕ್ಕೂ ಹೆಚ್ಚು ಹೆಂಗಸರು ಹೀಗೆ ಓದಿದರು. ಮುಖ ನೋಡದ ಇನ್ನೊಬ್ಬಳು ತನ್ನ ಉತ್ತರಕ್ಕಾಗಿ ಕಾಯುತ್ತಿದ್ದಾಳೆ ಎಂಬುದೇ ಎಷ್ಟು ಜನರನ್ನು ಮತ್ತೆ ಪುಸ್ತಕದ ಮುಂದೆ ಕೂರಿಸಿರಬಹುದು!

ಒಬ್ಬಳ ಹಿಂದೆ ಇನ್ನಿಬ್ಬರು ಬಿಡುವುದಕ್ಕೂ ಇದೇ ನಂಟು ಕಾರಣ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳೇ ನಿಂತರೆ ಉಳಿದವರು ಬರುವುದು ಹೇಗೆ? ಆದ್ದರಿಂದ ಮೊದಲನೆಯವಳು ತಪ್ಪಿಸಿಕೊಂಡ ವಾರವೇ ವಿಚಾರಿಸು. ನೀನು ಹೋಗಬೇಡ, ಅವಳಿಗೆ ಮುಜುಗರವಾದೀತು. ಪಕ್ಕದಲ್ಲಿ ಕೂರುವವಳ ಕೈಯಲ್ಲಿ ನೋಟ್‌ಬುಕ್ ಕಳುಹಿಸು. ಸೋಮವಾರದಿಂದ ಕೊಠಡಿಯ ಬೀಗವನ್ನು ಹದಿನೈದು ನಿಮಿಷ ಮುಂಚೆಯೇ ತೆಗೆ. ಏನಾಯಿತೆಂದು ಬರೆ, ಕಾಯುತ್ತಿರುತ್ತೇನೆ.

ನಿನ್ನ ಗೆಳತಿ